ಲಕ್ಷ ಕೋಟಿ ಕಣಗಳ ಗಡಿ: ಚಿನ್ನದ ನ್ಯಾನೊಕಣ ಗಡ್ಡೆ ತಲುಪಬೇಕಾದರೆ ಡೋಸ್ ಎಷ್ಟಿರಬೇಕು?

ಕ್ಯಾನ್ಸರ್ ಗಡ್ಡೆಗೆ ನೇರವಾಗಿ ಔಷಧಿ ತಲುಪಿಸುವ ನ್ಯಾನೊಕಣಗಳ ಬಗ್ಗೆ ಎಲ್ಲಿ ಮಾತು ಬಂದರೂ ಚರ್ಚೆ ನಡೆಯುವುದು ಕಣದ ವಿನ್ಯಾಸದ ಬಗ್ಗೆ. ಗಾತ್ರ ಎಷ್ಟಿರಬೇಕು, ಆಕಾರ ಹೇಗಿರಬೇಕು, ಮೇಲೆ ಯಾವ ಲೇಪ ಹಚ್ಚಬೇಕು, ಯಾವ ಪ್ರೋಟೀನ್ ಅಂಟಿಸಿದರೆ ಕ್ಯಾನ್ಸರ್ ಕೋಶವನ್ನು ಗುರುತು ಹಿಡಿಯುತ್ತದೆ, ಹೀಗೆ. ಒಟ್ಟು ಎಷ್ಟು ಕಣ ಕೊಡಬೇಕು ಅನ್ನುವ ಪ್ರಶ್ನೆ ಮಾತ್ರ ಹಿಂದೆಯೇ ಉಳಿದಿತ್ತು. ಅದನ್ನು ಮುಂದೆ ತಂದು ನಿಲ್ಲಿಸಿದ್ದು ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ವಾರನ್ ಚಾನ್ ನಡೆಸುತ್ತಿದ್ದ ಪ್ರಯೋಗಾಲಯ. ಬೆನ್ ಔಯಾಂಗ್ ಮತ್ತು ಜೊತೆಗಾರರ ಆ ಕೆಲಸ 2020ರಲ್ಲಿ 'ನೇಚರ್ ಮೆಟೀರಿಯಲ್ಸ್' ಪತ್ರಿಕೆಯಲ್ಲಿ ಬಂತು. ಈ ಬರಹ ಆ ಒಂದು ಪ್ರಕರಣದ ಬಗ್ಗೆ.

ಪ್ರಕರಣ ಅರ್ಥವಾಗಬೇಕಾದರೆ ನಾಲ್ಕು ವರ್ಷ ಹಿಂದೆ ಹೋಗಬೇಕು. 2016ರಲ್ಲಿ ಇದೇ ಪ್ರಯೋಗಾಲಯದವರು ಹಿಂದಿನ ಹತ್ತು ವರ್ಷಗಳ ಪ್ರಬಂಧಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದರು. ಇಂಜೆಕ್ಷನ್ ಕೊಟ್ಟ ಕಣಗಳಲ್ಲಿ ಗಡ್ಡೆ ಸೇರಿದ್ದು ಎಷ್ಟು? ಎಲ್ಲ ಫಲಿತಾಂಶಗಳನ್ನು ಸಾಲಾಗಿ ಇಟ್ಟರೆ ನಡುಮಧ್ಯದ ಸಂಖ್ಯೆ ಶೇ 0.7. ಅಂದರೆ ಸಾವಿರ ಕಣ ಕೊಟ್ಟರೆ ಏಳು ಮುಟ್ಟುತ್ತವೆ, ಉಳಿದ 993 ಬೇರೆಲ್ಲೋ ಹೋಗುತ್ತವೆ. ಹತ್ತು ವರ್ಷದಲ್ಲಿ ಹೊಸ ಹೊಸ ವಿನ್ಯಾಸ ಬಂದವು, ಈ ಸಂಖ್ಯೆ ಮಾತ್ರ ಹೇಳಿಕೊಳ್ಳುವಷ್ಟು ಮೇಲೇಳಲಿಲ್ಲ.

2018ರಲ್ಲಿ ಅವರೇ ಇನ್ನೂ ಹತ್ತಿರದಿಂದ ನೋಡಿದರು. ಗಡ್ಡೆಯೊಳಗೆ ಹೋದ ಕಣವೆಲ್ಲ ಕ್ಯಾನ್ಸರ್ ಕೋಶಕ್ಕೇ ಸೇರುವುದಿಲ್ಲ ಅಲ್ವಾ? ಗಡ್ಡೆಯಲ್ಲಿ ರಕ್ತನಾಳ ಇದೆ, ನಾರಿನಂಥ ಅಂಗಾಂಶ ಇದೆ, ಸಿಕ್ಕಿದ್ದನ್ನೆಲ್ಲ ನುಂಗುವ ಮ್ಯಾಕ್ರೋಫೇಜ್ ಕೋಶಗಳಿವೆ. ಕ್ಯಾನ್ಸರ್ ಕೋಶವನ್ನು ಗುರುತು ಹಿಡಿಯುವ ಲೇಪ ಹಚ್ಚಿದ ಕಣಗಳನ್ನೇ ಕೊಟ್ಟು ನೋಡಿದಾಗ, ಹತ್ತು ಲಕ್ಷಕ್ಕೆ ಬರೀ 14 ಕಣ ಆ ಕೋಶಗಳನ್ನು ಮುಟ್ಟಿದ್ದವು. ನೂರು ಕ್ಯಾನ್ಸರ್ ಕೋಶಗಳಲ್ಲಿ ಎರಡಕ್ಕೆ ಮಾತ್ರ ಕಣದ ಸಂಪರ್ಕ ಸಿಕ್ಕಿತ್ತು. 'ಗುರಿ ಇಟ್ಟು ಹೊಡೆಯುವ ಔಷಧಿ' ಅಂತ ನಾವು ಓದುವ ಸುದ್ದಿಗಳ ಹಿಂದೆ ಇದ್ದ ವಾಸ್ತವ ಇದು.

ಲಿವರ್ ಎಂಬ ಜರಡಿ

ಉಳಿದ ಕಣಗಳು ಎಲ್ಲಿ ಹೋದವು? ಬಹುಪಾಲು ಲಿವರ್‌ಗೆ, ಒಂದಷ್ಟು ಗುಲ್ಮಕ್ಕೆ.

ಲಿವರ್‌ನ ಒಳಗಿನ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಕುಪ್ಫರ್ ಕೋಶಗಳು ಕೂತಿರುತ್ತವೆ. ರಕ್ತದಲ್ಲಿ ಬರುವ ಬ್ಯಾಕ್ಟೀರಿಯಾ, ಸತ್ತ ಕೋಶಗಳ ಚೂರು, ಯಾವುದೇ ಹೊರಗಿನ ಕಣ ಸಿಕ್ಕರೂ ಹಿಡಿದು ನುಂಗುವುದೇ ಇವುಗಳ ಕೆಲಸ. ಬೇರೆಡೆ ವೇಗವಾಗಿ ಹರಿಯುವ ಕಣ ಲಿವರ್ ಒಳಗೆ ಬಂದಾಗ ಅದರ ವೇಗ ಸುಮಾರು ಸಾವಿರ ಪಟ್ಟು ತಗ್ಗುತ್ತದೆ ಎಂದು ಇದೇ ತಂಡ 2016ರ ಇನ್ನೊಂದು ಅಧ್ಯಯನದಲ್ಲಿ ತೋರಿಸಿತ್ತು. ಅಷ್ಟು ನಿಧಾನವಾಗಿ ಪಕ್ಕದಲ್ಲೇ ಹಾದುಹೋಗುವ ಕಣವನ್ನು ಕುಪ್ಫರ್ ಕೋಶ ಬಿಡುವುದುಂಟೇ? ದೇಹಕ್ಕೆ ಒಳ್ಳೆಯದೇ ಆದ ಈ ಕಾವಲು ನ್ಯಾನೊ ಔಷಧಿಗೆ ದೊಡ್ಡ ಅಡ್ಡಿ.

ಹಾಗಾದರೆ ಆ ಕೋಶಗಳನ್ನೇ ತೆಗೆದುಬಿಟ್ಟರೆ? 2017ರಲ್ಲಿ ಅದನ್ನೂ ಮಾಡಿ ನೋಡಿದರು. ಔಷಧಿ ಕೊಟ್ಟು ಇಲಿಗಳ ಕುಪ್ಫರ್ ಕೋಶಗಳನ್ನು ಅಳಿಸಿ, ಆಮೇಲೆ ಕಣ ಕೊಟ್ಟರು. ಗಡ್ಡೆಗೆ ತಲುಪುವ ಪ್ರಮಾಣ ಕೆಲವು ಸಂದರ್ಭಗಳಲ್ಲಿ 150 ಪಟ್ಟಿನವರೆಗೂ ಏರಿತು. ಆದರೂ ಅದು ಶೇ 2ರ ಆಸುಪಾಸಿನಲ್ಲೇ ನಿಂತಿತು. ಮೇಲಾಗಿ, ಕ್ಯಾನ್ಸರ್ ರೋಗಿಯ ಲಿವರ್‌ನಿಂದ ಕಾವಲಿನ ಕೋಶಗಳನ್ನು ಅಳಿಸಿಹಾಕುವುದು ಯಾವ ವೈದ್ಯರೂ ಒಪ್ಪುವ ಮಾತಲ್ಲ. 2020ರ ಪ್ರಯೋಗದ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಕೋಶಗಳನ್ನು ಕೊಲ್ಲುವ ಬದಲು, ಅವುಗಳಿಗೆ ಕೈತುಂಬ ಕೆಲಸ ಕೊಟ್ಟರೆ?

ಪ್ರಯೋಗದಲ್ಲಿ ಏನು ಮಾಡಿದರು

ಮುಖ್ಯ ಪ್ರಯೋಗಕ್ಕೆ ಆರಿಸಿಕೊಂಡದ್ದು ಪಾಲಿಎಥಿಲೀನ್ ಗ್ಲೈಕಾಲ್ ಲೇಪ ಹಚ್ಚಿದ, 50 ನ್ಯಾನೊಮೀಟರ್ ಗಾತ್ರದ ಚಿನ್ನದ ಕಣ (ಒಂದು ನ್ಯಾನೊಮೀಟರ್ ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ). ಚಿನ್ನವೇ ಯಾಕೆ? ಸುಲಭವಾಗಿ ತುಕ್ಕು ಹಿಡಿಯದು, ಬೇಕಾದ ಗಾತ್ರಕ್ಕೆ ಬೆಳೆಸಬಹುದು ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಎಣಿಕೆಯದ್ದು. ಇಲಿಯ ದೇಹದಲ್ಲಿ ಸಹಜವಾಗಿ ಚಿನ್ನ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅಂಗಾಂಶದಲ್ಲಿ ಸಿಕ್ಕ ಚಿನ್ನವೆಲ್ಲ ನಾವು ಕೊಟ್ಟಿದ್ದೇ. ಲಿವರ್‌ನದ್ದೋ ಗಡ್ಡೆಯದ್ದೋ ಚೂರನ್ನು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಮಿಶ್ರಣದಲ್ಲಿ ಹಾಕಿ ಪೂರ್ತಿ ಕರಗಿಸುತ್ತಾರೆ. ಚಿನ್ನವನ್ನೂ ಕರಗಿಸುವ ಮಿಶ್ರಣ ಅದು. ಆ ತಿಳಿ ದ್ರವವನ್ನು ಐಸಿಪಿ-ಎಂಎಸ್ ಯಂತ್ರಕ್ಕೆ ಬಿಟ್ಟರೆ ಅತಿ ಸೂಕ್ಷ್ಮ ಪ್ರಮಾಣದ ಚಿನ್ನವೂ ಲೆಕ್ಕಕ್ಕೆ ಸಿಗುತ್ತದೆ. ಒಂದು ಕಣದ ತೂಕ ಗೊತ್ತಿರುವುದರಿಂದ ಚಿನ್ನದ ತೂಕವನ್ನು ಕಣಗಳ ಸಂಖ್ಯೆಗೆ ಬದಲಾಯಿಸಬಹುದು.

ಗಡ್ಡೆ ಇದ್ದ ಇಲಿಗಳಿಗೆ ಒಂದೇ ಬಗೆಯ ಕಣವನ್ನು ಬೇರೆ ಬೇರೆ ಡೋಸ್‌ನಲ್ಲಿ ಕೊಟ್ಟರು. ವಿನ್ಯಾಸ ಮುಟ್ಟಲಿಲ್ಲ, ಬರೀ ಸಂಖ್ಯೆ ಏರಿಸುತ್ತಾ ಹೋದರು.

ಡೋಸ್ ಕಡಿಮೆ ಇದ್ದಾಗ ಹಳೆಯ ಕಥೆಯೇ. ಬಂದಿದ್ದನ್ನೆಲ್ಲ ಲಿವರ್ ಬೇಗ ಬೇಗ ಬಳಿದುಹಾಕಿತು. ಸಂಖ್ಯೆ 1 ಲಕ್ಷ ಕೋಟಿ ಕಣಗಳ ಹತ್ತಿರ ಬಂದು ಅದನ್ನು ದಾಟಿದ ಮೇಲೆ ಚಿತ್ರ ಬದಲಾಯಿತು. ಲಿವರ್ ಹಿಡಿದುಕೊಳ್ಳುವ ಪಾಲು ಇಳಿಯಿತು. ಕಣಗಳು ರಕ್ತದಲ್ಲಿ ಜಾಸ್ತಿ ಹೊತ್ತು ಉಳಿದವು. ಜಾಸ್ತಿ ಹೊತ್ತು ಓಡಾಡಿದ್ದರಿಂದ ಗಡ್ಡೆಯ ರಕ್ತನಾಳಗಳ ಮೂಲಕ ಒಳಗೆ ಹೋಗುವ ಅವಕಾಶ ಮತ್ತೆ ಮತ್ತೆ ಸಿಕ್ಕಿತು. ಹೆಚ್ಚಿನ ಡೋಸ್‌ಗಳಲ್ಲಿ ಗಡ್ಡೆ ಸೇರಿದ ಪಾಲು ಶೇ 12ರವರೆಗೆ ಹೋಯಿತು. ಗಡ್ಡೆಯೊಳಗಿನ ಶೇ 93ರಷ್ಟು ಕೋಶಗಳಿಗೆ ಕಣ ತಲುಪಿತ್ತು.

ಇಲ್ಲಿ ಒಂದು ವಿಷಯ ನಿಧಾನವಾಗಿ ಗಮನಿಸಬೇಕು. ಡೋಸ್ ಎರಡು ಪಟ್ಟು ಮಾಡಿದರೆ ಗಡ್ಡೆಗೆ ಎರಡು ಪಟ್ಟು ಕಣ ಹೋಯಿತು ಅಂದರೆ ಅದರಲ್ಲಿ ವಿಶೇಷ ಇಲ್ಲ, ಶೇಕಡಾವಾರು ಪಾಲು ಹಾಗೇ ಇರುತ್ತದೆ. ಇಲ್ಲಿ ಏರಿದ್ದು ಪಾಲೇ. ಗಡಿ ದಾಟಿದ ಮೇಲೆ ಹೆಚ್ಚುವರಿಯಾಗಿ ಕೊಟ್ಟ ಕಣಗಳು ಮೊದಲಿನವುಗಳಿಗಿಂತ ಹೆಚ್ಚು ಸಲೀಸಾಗಿ ಗಡ್ಡೆ ಸೇರಿದವು.

ಕಾರಣ ಕುಪ್ಫರ್ ಕೋಶಗಳ ವೇಗಕ್ಕಿರುವ ಮಿತಿ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಮಾಮೂಲಿ ದಿನ ಅಲ್ಲಿ ಕೂತವರು ಬಂದವರ ಚಪ್ಪಲಿಯನ್ನೆಲ್ಲ ತೆಗೆದುಕೊಂಡು ಟೋಕನ್ ಕೊಡುತ್ತಾರೆ, ಒಬ್ಬರೂ ತಪ್ಪುವುದಿಲ್ಲ. ಜಾತ್ರೆ ದಿನ ಅವರ ಕೈ ಎಷ್ಟು ಚುರುಕಾಗಿ ಓಡಿದರೂ ಜನ ನುಗ್ಗುವ ವೇಗಕ್ಕೆ ಸಾಲದು. ಅರ್ಧಕ್ಕರ್ಧ ಜನ ಪಕ್ಕದಲ್ಲೇ ದಾಟಿ ಹೋಗುತ್ತಾರೆ. ಕುಪ್ಫರ್ ಕೋಶ ಒಂದು ನಿಮಿಷಕ್ಕೆ ಇಂತಿಷ್ಟೇ ಕಣ ನುಂಗಬಲ್ಲದು. ಲಿವರ್‌ನಲ್ಲಿ ಅಂಥ ಕೋಶಗಳೂ ಇಂತಿಷ್ಟೇ. ಆ ಒಟ್ಟು ವೇಗವನ್ನು ಮೀರಿ ಕಣ ಬಂದರೆ ಮಿಕ್ಕಿದ್ದು ರಕ್ತದಲ್ಲೇ ಉಳಿಯುತ್ತದೆ.

ಇದು ಬರೀ ಚಿನ್ನಕ್ಕೆ ಸೇರಿದ ಗುಣ ಇರಬಹುದೇ ಎಂಬ ಅನುಮಾನ ಸಹಜ. ತಂಡ ಬೇರೆ ಬಗೆಯ ನ್ಯಾನೊಕಣಗಳಲ್ಲಿ, ಬೇರೆ ಗಡ್ಡೆ ಮಾದರಿಗಳಲ್ಲಿ ನೋಡಿತು. ಹತ್ತು ವರ್ಷಗಳ ಹಳೆಯ ಪ್ರಬಂಧಗಳ ಅಂಕಿಗಳನ್ನೂ ಈ ಕನ್ನಡಕ ಹಾಕಿ ಮತ್ತೆ ಓದಿತು. ಗಡಿ ಅಲ್ಲೂ ಕಾಣಿಸಿತು.

ನನಗೆ ಈ ಕೆಲಸದಲ್ಲಿ ಅತ್ಯಂತ ಇಷ್ಟವಾದ ಭಾಗ ಡಾಕ್ಸಿಲ್ ಪ್ರಯೋಗ. ಡಾಕ್ಸಿಲ್ ಅಂದರೆ ಕೊಬ್ಬಿನ ಪುಟ್ಟ ಗುಳ್ಳೆಗಳೊಳಗೆ ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧಿ ತುಂಬಿದ್ದು. 1995ರಿಂದ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಇದೆ. ಕೆಲವು ದೇಶಗಳಲ್ಲಿ ಕೇಲಿಕ್ಸ್ ಹೆಸರಲ್ಲಿ ಸಿಗುತ್ತದೆ. ಇದರ ಡೋಸ್ ಸುಮ್ನೆ ಏರಿಸುತ್ತಾ ಹೋಗಲು ಆಗದು, ಒಳಗಿನ ಔಷಧಿ ಹೃದಯಕ್ಕೆ ಅಪಾಯ ಮಾಡುತ್ತದೆ. ಅದಕ್ಕೆ ತಂಡ ಔಷಧಿಯ ಪ್ರಮಾಣ ಹಾಗೇ ಇಟ್ಟುಕೊಂಡು, ಜೊತೆಗೆ ಔಷಧಿ ಇಲ್ಲದ ಖಾಲಿ ಗುಳ್ಳೆಗಳನ್ನು ಸೇರಿಸಿ ಒಟ್ಟು ಸಂಖ್ಯೆಯನ್ನು ಗಡಿ ದಾಟಿಸಿತು. ಲಿವರ್ ಖಾಲಿ ಗುಳ್ಳೆ ನುಂಗುವುದರಲ್ಲಿ ಮುಳುಗಿದ್ದಾಗ ಔಷಧಿ ಇರುವ ಗುಳ್ಳೆಗಳು ಗಡ್ಡೆಯ ದಾರಿ ಹಿಡಿದವು. ಇಲಿಗಳಲ್ಲಿ ಔಷಧಿಯ ಪರಿಣಾಮ ಮೊದಲಿಗಿಂತ ಚೆನ್ನಾಗಿ ಆಯಿತು.

ಮಿಲಿಗ್ರಾಂ ಮುಚ್ಚಿಡುವ ಸಂಗತಿ

ಈ ಪ್ರಕರಣದಿಂದ ನಾನು ಎತ್ತಿ ಹೇಳಬೇಕೆಂದಿರುವುದು ಇಲ್ಲಿದೆ. ನ್ಯಾನೊ ಔಷಧಿಯ ಡೋಸನ್ನು ತೂಕದಲ್ಲಿ ಮಾತ್ರ ಬರೆದರೆ ಅರ್ಧ ವಿಷಯ ಮುಚ್ಚಿಹೋಗುತ್ತದೆ. ಕಣಗಳ ಸಂಖ್ಯೆಯನ್ನೂ ಬರೆಯಲೇಬೇಕು.

ಲೆಕ್ಕ ಸರಳ, ಯಾರು ಬೇಕಾದರೂ ಮಾಡಬಹುದು. 50 ನ್ಯಾನೊಮೀಟರ್ ವ್ಯಾಸದ ಗೋಳದ ಘನಗಾತ್ರ ತೆಗೆದು ಚಿನ್ನದ ಸಾಂದ್ರತೆಯಿಂದ, ಅಂದರೆ ಘನ ಸೆಂಟಿಮೀಟರಿಗೆ 19.3 ಗ್ರಾಂನಿಂದ, ಗುಣಿಸಿ. ಅಂಥ 1 ಲಕ್ಷ ಕೋಟಿ ಕಣಗಳನ್ನು ಒಟ್ಟು ಸೇರಿಸಿದರೆ ತೂಕ ಸುಮಾರು 1.26 ಮಿಲಿಗ್ರಾಂ. ಈಗ ಅಷ್ಟೇ 1.26 ಮಿಲಿಗ್ರಾಂ ಚಿನ್ನದಲ್ಲಿ 100 ನ್ಯಾನೊಮೀಟರ್ ಕಣ ಮಾಡಿ. ವ್ಯಾಸ ಎರಡು ಪಟ್ಟಾದರೆ ಘನಗಾತ್ರ ಎಂಟು ಪಟ್ಟು. ಹಾಗಾಗಿ ಸಿಗುವ ಕಣಗಳು 12,500 ಕೋಟಿ ಮಾತ್ರ, ಗಡಿಯ ಎಂಟನೇ ಒಂದು ಭಾಗ. ಅದೇ ಚಿನ್ನದಲ್ಲಿ 25 ನ್ಯಾನೊಮೀಟರ್ ಕಣ ಮಾಡಿದರೆ 8 ಲಕ್ಷ ಕೋಟಿ ಕಣ, ಗಡಿ ದಾಟಿ ಎಷ್ಟೋ ಮುಂದೆ.

ಇಬ್ಬರು ಸಂಶೋಧಕರು ಇಲಿಗೆ ತಲಾ 1.26 ಮಿಲಿಗ್ರಾಂ ಚಿನ್ನ ಕೊಟ್ಟರು ಅಂದುಕೊಳ್ಳಿ. ಒಬ್ಬರದು 25ರ ಕಣ, ಇನ್ನೊಬ್ಬರದು 100ರ ಕಣ. ಮೊದಲನೆಯವರಿಗೆ ಒಳ್ಳೆ ಫಲಿತಾಂಶ ಬಂತು. 'ಸಣ್ಣ ಕಣ ಗಡ್ಡೆಯೊಳಗೆ ಚೆನ್ನಾಗಿ ನುಗ್ಗುತ್ತದೆ' ಎಂದು ಅವರು ತೀರ್ಮಾನಿಸುತ್ತಾರೆ. ಅದು ನಿಜವೂ ಇರಬಹುದು. ಆದರೆ ಅವರ ಇಲಿಗಳಲ್ಲಿ ಲಿವರ್ ಸೋತಿತ್ತು, ಎರಡನೆಯವರ ಇಲಿಗಳಲ್ಲಿ ಸೋತಿರಲಿಲ್ಲ ಅನ್ನುವುದೂ ಕಾರಣ ಇರಬಹುದು. ತೂಕ ಮಾತ್ರ ನೋಡುವ ಓದುಗರಿಗೆ ಈ ಎರಡನ್ನು ಬೇರ್ಪಡಿಸುವ ದಾರಿಯೇ ಇಲ್ಲ. ಗಾತ್ರ, ಆಕಾರ, ಲೇಪ ಹೋಲಿಸಿ ನೋಡಿದ ಎಷ್ಟೋ ಹಳೆಯ ಪ್ರಯೋಗಗಳನ್ನು ಈ ಅನುಮಾನ ಇಟ್ಟುಕೊಂಡೇ ಮತ್ತೆ ಓದಬೇಕಾಗುತ್ತದೆ.

ಮನುಷ್ಯರ ಮೇಲಿನ ಪ್ರಯೋಗದಲ್ಲೂ ಇದೇ ರೂಢಿ. ಗಡ್ಡೆಯ ರಕ್ತನಾಳ ಹಾಳುಮಾಡುವ ಟಿಎನ್‌ಎಫ್ ಪ್ರೋಟೀನನ್ನು 27 ನ್ಯಾನೊಮೀಟರ್ ಚಿನ್ನದ ಕಣಕ್ಕೆ ಅಂಟಿಸಿ ರೋಗಿಗಳಿಗೆ ಕೊಟ್ಟ ಮೊದಲ ಹಂತದ ಪರೀಕ್ಷೆಯೊಂದರ ವರದಿ 2010ರಲ್ಲಿ ಬಂತು. ಅಲ್ಲಿ ಡೋಸ್ ಹೇಳಿದ್ದು ಪ್ರೋಟೀನಿನ ತೂಕದಲ್ಲಿ: ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 50ರಿಂದ 600 ಮೈಕ್ರೊಗ್ರಾಂ. ಪ್ರೋಟೀನ್ ವಿಷಕಾರಿ ಆದ್ದರಿಂದ ಹಾಗೆ ಅಳೆಯುವುದು ಸುರಕ್ಷತೆಯ ದೃಷ್ಟಿಯಿಂದ ಸರಿಯೇ. ಗಡ್ಡೆಯ ಚೂರು ತೆಗೆದು ನೋಡಿದಾಗ ಅಲ್ಲಿ ಚಿನ್ನದ ಕಣ ಕಾಣಿಸಿತು ಅನ್ನುವುದು ದೊಡ್ಡ ವಿಷಯವೇ. ಆದರೆ ಎಷ್ಟು ಕಣ ಕೊಟ್ಟರೆ ಎಷ್ಟು ಸೇರಿತು ಅನ್ನುವ ಪ್ರಶ್ನೆಗೆ ಪ್ರೋಟೀನಿನ ತೂಕ ಉತ್ತರ ಕೊಡುವುದಿಲ್ಲ.

ಮನುಷ್ಯರಿಗೆ ಇದು ಹೊಂದುತ್ತದೆಯೇ

ಮೊದಲು ಚಿನ್ನದ ತೂಕವನ್ನೇ ನೋಡೋಣ. 20 ಗ್ರಾಂ ಇಲಿಗೆ 1.26 ಮಿಲಿಗ್ರಾಂ ಅಂದರೆ ಕಿಲೋಗೆ 63 ಮಿಲಿಗ್ರಾಂ. ಬರೀ ತೂಕದ ಲೆಕ್ಕದಲ್ಲಿ 60 ಕಿಲೋ ಮನುಷ್ಯರಿಗೆ 3.8 ಗ್ರಾಂ ಚಿನ್ನ ಆಗುತ್ತದೆ, ಒಂದು ಉಂಗುರದಷ್ಟು. ಇಲಿಯಿಂದ ಮನುಷ್ಯರಿಗೆ ಡೋಸ್ ಬದಲಾಯಿಸುವಾಗ ಔಷಧ ವಿಜ್ಞಾನದಲ್ಲಿ ಬಳಸುವುದು ದೇಹದ ಮೇಲ್ಮೈಯ ಲೆಕ್ಕ. ಹಾಗೆ ಮಾಡಿದರೆ ಸುಮಾರು 0.3 ಗ್ರಾಂ. ಇವೆರಡೂ ನನ್ನ ಕಾಗದದ ಲೆಕ್ಕಗಳಷ್ಟೇ. ಎರಡರ ನಡುವೆ ಹನ್ನೆರಡು ಪಟ್ಟು ಅಂತರ ಇದೆ ಅನ್ನುವುದನ್ನು ನೋಡಿ. ಮನುಷ್ಯರ ಲಿವರ್‌ನಲ್ಲಿ ಕುಪ್ಫರ್ ಕೋಶ ಎಷ್ಟಿವೆ, ಎಷ್ಟು ವೇಗವಾಗಿ ನುಂಗುತ್ತವೆ ಅನ್ನುವುದರ ಮೇಲೆ ನಿಜವಾದ ಗಡಿ ನಿಲ್ಲುತ್ತದೆ. ಸಿರೋಸಿಸ್ ಇರುವವರದು, ಕೀಮೋ ಪಡೆಯುತ್ತಿರುವವರದು, ವಯಸ್ಸಾದವರದು ಒಂದೇ ಇರುತ್ತದೆ ಎಂದು ನಂಬಲು ಕಾರಣವಿಲ್ಲ.

ಎರಡನೆಯದು ಗಡ್ಡೆಯ ಗಾತ್ರ. ಇಲಿಯ ಮೇಲೆ 1 ಗ್ರಾಂ ಗಡ್ಡೆ ಬೆಳೆದರೆ ಅದು ದೇಹದ ಶೇ 5. ಮನುಷ್ಯರಿಗೆ ಹೋಲಿಸಿದರೆ 3 ಕಿಲೋ ಗಡ್ಡೆ! ಅಷ್ಟು ದೊಡ್ಡ ಗಡ್ಡೆಗೆ ಹರಿಯುವ ರಕ್ತದ ಪಾಲೂ ದೊಡ್ಡದು. ಇಲಿಯಲ್ಲಿ ಸಿಕ್ಕ ಶೇ 12 ಮನುಷ್ಯರಲ್ಲೂ ಸಿಗಬೇಕೆಂದು ನಿರೀಕ್ಷಿಸುವುದು ಸರಿಯಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಚಿಂತೆ ತರುವಂಥದ್ದು: ಚಿನ್ನ ಹೊರಗೆ ಹೋಗುವುದಿಲ್ಲ. ಕಿಡ್ನಿಯ ಜರಡಿಯಲ್ಲಿ ಸೋಸಿ ಹೋಗಬೇಕಾದರೆ ಕಣ ಸುಮಾರು 5.5 ನ್ಯಾನೊಮೀಟರಿಗಿಂತ ಸಣ್ಣದಿರಬೇಕು. 50ರ ಕಣಕ್ಕೆ ಆ ದಾರಿ ಮುಚ್ಚಿದೆ. 40 ನ್ಯಾನೊಮೀಟರ್ ಚಿನ್ನದ ಕಣ ಕೊಟ್ಟ ಇಲಿಗಳನ್ನು ಆರು ತಿಂಗಳ ನಂತರ ನೋಡಿದಾಗ ಲಿವರ್‌ನಲ್ಲಿದ್ದ ಚಿನ್ನ ಶೇ 9ರಷ್ಟು ಮಾತ್ರ ಕಡಿಮೆಯಾಗಿತ್ತು ಎಂದು 2009ರ ಅಧ್ಯಯನ ಒಂದು ಹೇಳುತ್ತದೆ. ಲಿವರನ್ನು ಸೋಲಿಸುವಷ್ಟು ಕಣ ಕೊಡುವುದು ಅಂದರೆ ಲಿವರ್ ತುಂಬ ಚಿನ್ನ ಬಿಟ್ಟುಹೋಗುವುದು ಅಂತಲೇ ಅರ್ಥ. ಗಡ್ಡೆಗೆ ಶೇ 12 ಹೋದರೂ ಉಳಿದ ಶೇ 88 ದೇಹದಲ್ಲೇ ಇರುತ್ತದೆ ತಾನೇ?

ಇನ್ನು ಅಳತೆಯ ಬಗ್ಗೆ ತಕರಾರು ಉಂಟು. ಕೊಟ್ಟ ಡೋಸ್‌ನಲ್ಲಿ ಶೇಕಡಾ ಎಷ್ಟು ಗಡ್ಡೆಗೆ ಹೋಯಿತು ಅನ್ನುವುದು ಔಷಧ ಕ್ಷೇತ್ರದ ಮಾಮೂಲಿ ಅಳತೆಯಲ್ಲ. ರಕ್ತದಲ್ಲಿ ಮತ್ತು ಗಡ್ಡೆಯಲ್ಲಿ ಔಷಧಿ ಎಷ್ಟು ಸಾಂದ್ರತೆಯಲ್ಲಿ ಎಷ್ಟು ಹೊತ್ತು ಇತ್ತು ಎಂದು ಹೋಲಿಸುವುದು ಅಲ್ಲಿನ ಪದ್ಧತಿ. 2016ರ ಅಂಕಿಗಳನ್ನೇ ಆ ರೀತಿ ಲೆಕ್ಕ ಹಾಕಿದ ಬೇರೊಂದು ತಂಡ, ಪರಿಸ್ಥಿತಿ ಶೇ 0.7 ಸೂಚಿಸುವಷ್ಟು ಕೆಟ್ಟದಾಗಿಲ್ಲ ಎಂದು 2020ರಲ್ಲೇ ವಾದಿಸಿತು. ನ್ಯಾಯವಾದ ವಾದ. ಆದರೆ ಡೋಸ್ ಏರಿಸಿದಾಗ ಲಿವರ್ ಸೋಲುತ್ತದೆ ಅನ್ನುವ ಸಂಗತಿ ಇದರಿಂದ ಅಲುಗಾಡುವುದಿಲ್ಲ. ಯಾವ ಅಳತೆಗೋಲು ಹಿಡಿದರೂ ಕಣ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿದದ್ದು ಉಳಿದದ್ದೇ.

ಲಿವರಿನ ತಂಟೆಯೇ ಬೇಡ ಅನ್ನುವ ದಾರಿಯೂ ಒಂದಿದೆ. ಅದರಲ್ಲಿ ನಮ್ಮ ಧಾರವಾಡದವರೊಬ್ಬರ ಪಾಲು ದೊಡ್ಡದು. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕಟ್ಟೇಶ ಕಟ್ಟಿ ಮತ್ತು ಸಂಗಡಿಗರು ವಿಕಿರಣಶೀಲ ಚಿನ್ನ-198ರ ಕಣಗಳಿಗೆ ಗ್ರೀನ್ ಟೀಯಲ್ಲಿರುವ ಒಂದು ರಾಸಾಯನಿಕ ಲೇಪಿಸಿ, ಇಲಿಗಳ ಪ್ರಾಸ್ಟೇಟ್ ಗಡ್ಡೆಯೊಳಗೇ ನೇರವಾಗಿ ಚುಚ್ಚಿದರು. 2012ರಲ್ಲಿ ಬಂದ ಅವರ ವರದಿಯಂತೆ 24 ಗಂಟೆ ನಂತರವೂ ಕೊಟ್ಟಿದ್ದರಲ್ಲಿ ಸುಮಾರು ಶೇ 72 ಗಡ್ಡೆಯಲ್ಲೇ ಉಳಿದಿತ್ತು. ಚಿಕಿತ್ಸೆ ಪಡೆದ ಇಲಿಗಳ ಗಡ್ಡೆ ಪಡೆಯದವುಗಳಿಗಿಂತ ಸುಮಾರು ಶೇ 80ರಷ್ಟು ಚಿಕ್ಕದಾಗಿತ್ತು. ರಕ್ತದ ದಾರಿಯ ಶೇ 12ರ ಮುಂದೆ ಈ ಶೇ 72 ಎಷ್ಟು ಆಕರ್ಷಕ! ಸೂಜಿ ಮುಟ್ಟುವ ಜಾಗದಲ್ಲಿ ಗಡ್ಡೆ ಇದ್ದರೆ ಇದೇ ಒಳ್ಳೆಯ ದಾರಿ. ಶ್ವಾಸಕೋಶ, ಮೂಳೆ ಅಂತ ಹತ್ತು ಕಡೆ ಹರಡಿದ ಕ್ಯಾನ್ಸರ್‌ಗೆ ಮಾತ್ರ ರಕ್ತದ ಮೂಲಕವೇ ಹೋಗಬೇಕು. ಅಲ್ಲಿ ಲಿವರನ್ನು ಎದುರಿಸದೆ ವಿಧಿಯಿಲ್ಲ.

ಹಾಗಾಗಿ ಈ ಸಂಶೋಧನೆ ಮನುಷ್ಯರ ತನಕ ಬರುವುದಾದರೆ ಖಾಲಿ ಗುಳ್ಳೆಗಳ ರೂಪದಲ್ಲಿ ಬರುವ ಸಾಧ್ಯತೆಯೇ ಜಾಸ್ತಿ ಎಂದು ನನ್ನ ಅಂದಾಜು. ಕೊಬ್ಬಿನ ಗುಳ್ಳೆಯನ್ನು ಲಿವರ್ ಒಡೆದು ಜೀರ್ಣಿಸಿಕೊಳ್ಳುತ್ತದೆ, ಚಿನ್ನದಂತೆ ಅದು ತಿಂಗಳುಗಟ್ಟಲೆ ಕೂರುವುದಿಲ್ಲ. ಲಿವರಿಗೆ ಕೆಲಸ ಕೊಡಲು ಗುಳ್ಳೆ, ಗಡ್ಡೆಗೆ ಹೋಗಲು ಸ್ವಲ್ಪವೇ ಚಿನ್ನ. ಅದಕ್ಕೆ ಮೊದಲು ಇಲಿಗಳಲ್ಲೇ ಮುಗಿಸಬೇಕಾದ ಕೆಲಸ ಇದೆ. ಒಮ್ಮೆ ಸೋತ ಕುಪ್ಫರ್ ಕೋಶಗಳು ಎಷ್ಟು ಗಂಟೆಯಲ್ಲಿ ಚೇತರಿಸಿಕೊಳ್ಳುತ್ತವೆ? ಎರಡನೇ, ಮೂರನೇ ಡೋಸ್ ಕೊಟ್ಟಾಗ ಗಡಿ ಅಲ್ಲೇ ಇರುತ್ತದೆಯೇ? ಕೀಮೋದಿಂದ ಬಿಳಿ ರಕ್ತಕಣ ಮೊದಲೇ ಕುಸಿದಿರುವ ರೋಗಿಗೆ ಇದನ್ನು ಕೊಟ್ಟ ಆ ಹೊತ್ತಿನಲ್ಲೇ ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದರೆ ಹಿಡಿಯುವವರು ಯಾರು? ಕಾವಲಿನ ಕೋಶಗಳೆಲ್ಲ ಗುಳ್ಳೆ ನುಂಗುವುದರಲ್ಲಿರುತ್ತವೆ. ಸೋಂಕು ಇರುವ ಇಲಿಗಳಲ್ಲಿ ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗದೆ ರೋಗಿಗಳ ಮೇಲೆ ಪರೀಕ್ಷೆ ಶುರುಮಾಡಬಾರದು.